ವರ್ನೀಟಾ ಹೇಳುವ ಖರ್ಚು

ನಮ್ಮ ಓಹಾಯೋದ ಈ ಪುಟ್ಟ ಊರಿನಲ್ಲಿ ವರ್ನೀಟಾ ಟಿಬ್ಸ್ ಕಣ್ಣಿಗೆ ಬಿದ್ದವರು ಕಡಿಮೆ ಫೀಸಿನಲ್ಲಿ ಎರಡೇ ವರ್ಷಕ್ಕೆ ಕಸುಬು ಕಲಿಸುವ ಇಲ್ಲಿನ ಕಮ್ಯುನಿಟಿ ಕಾಲೇಜಿನ ಮಾತು ಕೇಳದೆ ಪಾರಾಗುವಂತಿಲ್ಲ. ವರ್ಷಗಟ್ಟಲೆ ದಿನಸಿ ಅಂಗಡಿಯ ಗಲ್ಲಾದಲ್ಲಿ ನಿಂತವಳು ನಲವತ್ತು ದಾಟಿದ ಮೇಲೆ ಆ ಕಾಲೇಜಿನಲ್ಲಿ ಉಸಿರಾಟದ ಚಿಕಿತ್ಸೆ ಕಲಿತು, ಈಗ ಆಸ್ಪತ್ರೆಯಲ್ಲಿ ವೆಂಟಿಲೇಟರ್ ನೋಡಿಕೊಳ್ಳುತ್ತಾಳೆ. ಕೂದಲು ಕತ್ತರಿಸುವವಳಿಗೂ ಪಿಜ್ಜಾ ತಂದವನಿಗೂ ಅವಳದು ಒಂದೇ ಉಪದೇಶ: “ದೊಡ್ಡ ಯೂನಿವರ್ಸಿಟಿಗೆ ಸುರಿಯೋದ್ರಲ್ಲಿ ಕಾಲು ಭಾಗ ಸಾಕು ಕಣೋ. ಓದು ಮುಗಿಯೋಷ್ಟರಲ್ಲೇ ಕೆಲಸ ಬಾಗಿಲು ತಟ್ಟುತ್ತೆ!” ಸಾವಿನ ಮನೆಗೆ ಊಟ ಕೊಡಲು ಹೋದವಳು ಅಲ್ಲಿಯೂ ಇಬ್ಬರನ್ನು ಕಾಲೇಜು ಸೇರಲು ಒಪ್ಪಿಸಿ ಬಂದಿದ್ದಳು. ನನ್ನ ತಂಗಿಯ ಮಗಳು ಡೆಲ್ಫೀನ್ ಅದೇ ಉಸಿರಾಟದ ಚಿಕಿತ್ಸೆ ಕಲಿಯಲು ಕಾಲೇಜು ಸೇರಿದ್ದೂ ಅವಳ ಮಾತಿನಿಂದಲೇ. “ಆಂಟಿ, ಫೀಸು, ಪುಸ್ತಕ, ಯೂನಿಫಾರ್ಮು ಎಲ್ಲಾ ಆಯ್ತು. ಇನ್ನೇನಾದ್ರೂ ಖರ್ಚು ಇದ್ಯಾ?” ಎಂದು ಹುಡುಗಿ ಕೇಳಿದಾಗ ವರ್ನೀಟಾ ಹೇಳಿದಳು: “ಇದೆ ಕಣೇ. ಉಳಿಯಲ್ಲ ಅನ್ನೋ ರೋಗಿಯ ಮನೆಯವರು ಇನ್ನು ಸಾಕು ಅಂದಾಗ ಉಸಿರಿನ ಕೊಳವೆ ತೆಗೆಯೋ ಕೈ ನಿಂದೇ. ಹೇಗೆ ತೆಗೆಯೋದು ಅಂತ ಕಲಿಸ್ತಾರೆ. ಆಮೇಲೆ ಕಾರಲ್ಲಿ ಒಬ್ಬಳೇ ಕೂತಾಗ ಏನ್ಮಾಡ್ಬೇಕು ಅಂತ ಯಾರೂ ಕಲಿಸಲ್ಲ. ನಾನು ಮೊದಲ ಸಲ ಕಾರಿನ ಕೀ ತಿರುಗಿಸೋಕೂ ಆಗ್ದೆ ಹಾಗೇ ಕೂತಿದ್ದೆ.” ಮತ್ತೆ ಹೇಳಿದಳು: “ಆ ದಿನ ನಂಗೆ ಫೋನ್ ಮಾಡು. ಮಾತಾಡ್ಲೇಬೇಕು ಅಂತಿಲ್ಲ.” ಡೆಲ್ಫೀನ್ ಓದು ಮುಗಿಸಿ ಪಕ್ಕದೂರಿನ ಆಸ್ಪತ್ರೆಗೆ ಸೇರಿದಳು. ಕಳೆದ ಭಾನುವಾರ ಚರ್ಚಿನ ಅಂಗಳದಲ್ಲಿ ವರ್ನೀಟಾ ಯಾರಿಗೋ ಕಾಲೇಜಿನ ಗುಣಗಾನ ಮಾಡುತ್ತಿದ್ದಾಗ ಡೆಲ್ಫೀನಳ ಫೋನ್ ಬಂತು. ಮಾತನ್ನು ಅರ್ಧಕ್ಕೇ ಬಿಟ್ಟು ಬೇಲಿಯ ಹತ್ತಿರ ಹೋದವಳು, ಫೋನನ್ನು ಕಿವಿಗೊತ್ತಿಕೊಂಡು, ಒಂದು ಮಾತೂ ಆಡದೆ, ಬಹಳ ಹೊತ್ತು ಅಲ್ಲೇ ನಿಂತಿದ್ದಳು.