ಸಕ್ಕರೆಯಲ್ಲಿ ಸಿಕ್ಕ ಕಬ್ಬಿಣ

ನಮ್ಮಕ್ಕನಿಗೆ ಆಫೀಸಿನಲ್ಲಿ ಬೂದಿಯಕ್ಕ ಎಂದೇ ಹೆಸರು. ಹಂಗಿಸಿ ಇಟ್ಟದ್ದಲ್ಲ, ಕೆಲಸ ನೋಡಿ ಇಟ್ಟದ್ದು. ಇಪ್ಪತ್ತಾರು ವರ್ಷದಿಂದ ಅವಳು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕಾಳು, ಸೊಪ್ಪು, ಹಣ್ಣು, ಮೀನು, ಹಾಲಿನ ಪುಡಿ ಎಲ್ಲವನ್ನೂ ಸುಟ್ಟು ಬೂದಿ ಮಾಡುತ್ತಾ ಬಂದವಳು. ಐದು ಗ್ರಾಂ ತೂಗಿ ಬಿಳಿ ಪಿಂಗಾಣಿಯ ಪುಟ್ಟ ಮೂಸೆಗೆ ಹಾಕಿ, ಅದನ್ನು ಕುಲುಮೆಯೊಳಗೆ ಕೂರಿಸಿ, ಕರಿ ಹೋಗಿ ಬೆಳ್ಳಗಾಗುವವರೆಗೂ ಕಾಯಬೇಕು. ಕೊನೆಗೆ ಉಳಿಯುವ ಚಿಟಿಕೆ ಬೂದಿಯಲ್ಲಿ ಸುಣ್ಣ ಎಷ್ಟು, ಕಬ್ಬಿಣ ಎಷ್ಟು ಎಂದು ಲೆಕ್ಕ ಹಾಕಬೇಕು. ಯಾವ ತಿನಿಸಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಹೇಳುವ ದಪ್ಪ ಪುಸ್ತಕವೊಂದಿದೆಯಲ್ಲ, ಡಾಕ್ಟರುಗಳು, ಹಾಸ್ಟೆಲಿನವರು, ಸರ್ಕಾರದವರು ಎಲ್ಲ ಕಣ್ಣಿಗೊತ್ತಿಕೊಳ್ಳುವ ಪುಸ್ತಕ, ಅದರ ಅಂಕಿಗಳಲ್ಲಿ ಅರ್ಧಕ್ಕರ್ಧ ನಮ್ಮಕ್ಕನ ಕೈಯಿಂದ ಹೋದವು. ಹೊದಿಕೆಯ ಮೇಲೆ ಮಾತ್ರ ನಿರ್ದೇಶಕರ ಹೆಸರು. ಅದರ ಬಗ್ಗೆ ಅವಳಿಗೆ ಬೇಜಾರಿಲ್ಲ, ನನಗೆ ಇದೆ.

ಮನೆಯಲ್ಲಿ ಅವಳು ಬೇರೆಯೇ ಹೆಂಗಸು ಎಂದುಕೊಳ್ಳಬೇಡಿ. ಅಡುಗೆಮನೆಯ ಡಬ್ಬಗಳ ಮೇಲೆಲ್ಲ ತಾರೀಕು ಬರೆದ ಚೀಟಿ ಅಂಟಿಸಿರುತ್ತಾಳೆ. ಭಾವ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ಕೂತಿರುತ್ತಾರೆ. "ನಾನು ಗಿರಾಕಿಗೆ ಅರ್ಧ ಇಂಚು ಬಿಟ್ಟು ಹೊಲೀತೀನಿ, ನಿಮ್ಮಕ್ಕ ನನಗೆ ಅರ್ಧ ಚಮಚ ಉಪ್ಪೂ ಬಿಡಲ್ಲ" ಎಂದು ನನ್ನ ಹತ್ತಿರ ದೂರುತ್ತಾರೆ. ಅಕ್ಕ ಕೇಳಿಸಿಕೊಂಡರೂ ಕೇಳಿಸದವಳ ಹಾಗೆ ಇರುತ್ತಾಳೆ. ಯಾರ ಮಾತಿಗೂ ಸೊಪ್ಪು ಹಾಕುವ ಜಾಯಮಾನ ಅವಳದಲ್ಲ.

ಸೊಪ್ಪಿನ ಮಾತೇ ಬಂತು. ಈ ಕಥೆ ಶುರುವಾದದ್ದೂ ಒಂದು ಸೊಪ್ಪಿನಿಂದಲೇ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಸೋಮವಾರ ಸೋಮವಾರ ಮಕ್ಕಳಿಗೆ ಕಬ್ಬಿಣದ ಮಾತ್ರೆ ಕೊಡುವ ಕೆಲಸ ನನ್ನ ಪಾಲಿನದು. ರಕ್ತ ಕಡಿಮೆ ಇರುವ ಹುಡುಗಿಯರೇ ಹೆಚ್ಚು ನಮ್ಮಲ್ಲಿ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರೆ ಬಿಳಿಚಿಕೊಂಡಿರುತ್ತದೆ, ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಮಾತ್ರೆ ನುಂಗುವಾಗ ಮುಖ ಸಿಂಡರಿಸುತ್ತಾರೆ, ನಾಲಿಗೆ ಎತ್ತಿ ತೋರಿಸು ಎಂದು ಗದರಬೇಕು. ಆದರೂ ಎರಡು ವರ್ಷದಲ್ಲಿ ಮುಖಗಳು ಸ್ವಲ್ಪ ಕಳೆಗಟ್ಟಿದ್ದವು. ಅಷ್ಟರಲ್ಲಿ ಬಂತು ಆದೇಶ. ಮಾತ್ರೆ ಬೇಡ, ಬೇಲಿಯಲ್ಲಿ ಬೆಳೆಯುವ ಒಂದು ಸೊಪ್ಪಿನ ಪುಡಿ ಕೊಡಿ, ದಿನಕ್ಕೆ ಎರಡು ಚಮಚ. ನೂರು ಗ್ರಾಂ ಪುಡಿಯಲ್ಲಿ ಅರವತ್ತೊಂದು ಮಿಲಿಗ್ರಾಂ ಕಬ್ಬಿಣ ಇದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿತ್ತು. ಮೊದಲು ಹನ್ನೆರಡು ಶಾಲೆಗಳಲ್ಲಿ ನೋಡಿ, ಆಮೇಲೆ ಎಲ್ಲ ಶಾಲೆಗಳಲ್ಲೂ ಮಾತ್ರೆ ನಿಲ್ಲಿಸುವುದು ಎಂದು ತೀರ್ಮಾನ. ನೋಡುವುದು ಎಂದರೆ ಏನು ಗೊತ್ತೆ? ಮಕ್ಕಳು ಪುಡಿ ತಿನ್ನುತ್ತಾರೋ ಇಲ್ಲವೋ ಎಂದು. ರಕ್ತ ಏರಿತೋ ಇಳಿಯಿತೋ ಎಂದು ಕೇಳುವ ಕಾಲಂ ಅವರ ಹಾಳೆಯಲ್ಲಿ ಇರಲೇ ಇಲ್ಲ.

ಐದನೇ ತಿಂಗಳಲ್ಲಿ ಕೊನೆ ಬೆಂಚಿನ ಹುಡುಗಿಯೊಬ್ಬಳು ಬೆಳಗಿನ ಪ್ರಾರ್ಥನೆಗೆ ನಿಂತಿದ್ದವಳು ನಿಂತ ಹಾಗೇ ಕುಸಿದಳು. ಬಿದ್ದ ರಭಸಕ್ಕೆ ಹಲ್ಲು ತುಟಿಗೆ ಚುಚ್ಚಿ ರಕ್ತ ಬಂತು. ಇದ್ದ ರಕ್ತವೇ ಅಷ್ಟು, ಅದೂ ಹೀಗೆ ಹೋಗಬೇಕೇ ಎಂದು ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ ಮಾತ್ರೆ ತಿನ್ನುತ್ತಿದ್ದ ಕಾಲಕ್ಕಿಂತ ರಕ್ತ ಕಡಿಮೆಯಾಗಿತ್ತು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಸಂಜೆ ಪುಡಿಯ ಪೊಟ್ಟಣ ಹಿಡಿದುಕೊಂಡು ನೇರ ಅಕ್ಕನ ಮನೆಗೆ ಹೋದೆ. ಅವಳು ಒಗೆದ ಬಟ್ಟೆ ಮಡಿಚುತ್ತಿದ್ದಳು. ಪೊಟ್ಟಣವನ್ನು ಬಟ್ಟೆಯ ರಾಶಿಯ ಮೇಲೇ ಬಿಸಾಕಿದೆ.

"ಇದು ಯಾರ ಅಂಕಿ? ನಿಮ್ಮ ಆಫೀಸಿಂದು ತಾನೇ?"

ಅಕ್ಕ ಅಚ್ಚಿನ ಅಕ್ಷರ ಓದಿದಳು. "ಆಫೀಸಿಂದಲ್ಲ, ನಂದು. ಆ ಸೊಪ್ಪು ಸುಟ್ಟೋಳು ನಾನೇ. ಏನಾಯ್ತು ಈಗ?"

"ಏನಾಯ್ತು ಅಂದ್ರೆ! ಅರವತ್ತೊಂದು ಇದ್ದಿದ್ರೆ ಆ ಹುಡುಗಿ ಯಾಕೆ ಬೀಳ್ತಿದ್ಲು?"

"ಲೇ, ನನ್ನ ತಕ್ಕಡಿ ಸುಳ್ಳು ಹೇಳಲ್ಲ" ಎಂದು ಅಕ್ಕ ರೇಗಿದಳು. ನಾನೂ ಬಿಡಲಿಲ್ಲ. ಭಾವ ಹೊಲಿಗೆ ನಿಲ್ಲಿಸಿ, ಅಕ್ಕತಂಗಿಯರ ಜಗಳಕ್ಕೆ ತಲೆ ಹಾಕಿ ಹಿಂದೆ ಪಟ್ಟ ಪಾಡು ನೆನಪಾಗಿ, ಮತ್ತೆ ಯಂತ್ರ ತುಳಿಯತೊಡಗಿದರು.

ಇದ್ದಕ್ಕಿದ್ದಂತೆ ಅಕ್ಕ ಬಟ್ಟೆ ಬಿಟ್ಟು ಕೂತಳು. "ಆ ವರ್ಷ ಮಿಕ್ಸಿ ಸುಟ್ಟು ಹೋಗಿತ್ತು" ಎಂದಳು. ಒಣಗಿಸಿದ ಸೊಪ್ಪನ್ನು ಪುಡಿ ಮಾಡಲು ಇದ್ದ ಸ್ಟೀಲಿನ ಮಿಕ್ಸಿ ಕೆಟ್ಟು, ಹೊಸದು ಬರುವವರೆಗೆ ಇರಲಿ ಎಂದು ಉಗ್ರಾಣದಿಂದ ಎರಕದ ಕಬ್ಬಿಣದ ಹಳೆಯ ಅರೆಯುವ ಯಂತ್ರ ತಂದಿದ್ದರಂತೆ. ಪ್ರೊಟೀನು, ಕೊಬ್ಬು ನೋಡಲು ಅದೇನೂ ಅಡ್ಡಿಯಿಲ್ಲ. ಆದರೆ ಕಬ್ಬಿಣ ನೋಡುವ ಸೊಪ್ಪನ್ನು ಕಬ್ಬಿಣದಲ್ಲೇ ಅರೆದರೆ? ಅಕ್ಕನ ಮುಖ ಸಪ್ಪಗಾಯಿತು. ಎದ್ದು ಹೋಗಿ, ಬಿದ್ದ ಸೂಜಿ ಆರಿಸಲು ಭಾವ ಇಟ್ಟುಕೊಂಡಿದ್ದ ಅಯಸ್ಕಾಂತವನ್ನು ಕೇಳದೆಯೇ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಮಾರನೆಯ ದಿನ ಪ್ರಯೋಗಾಲಯದ ಬೀರುವಿನಲ್ಲಿದ್ದ ಹಳೆಯ ಸ್ಯಾಂಪಲ್ ಬಾಟಲಿ ತೆಗೆದು, ಪುಡಿಯನ್ನು ಕಾಗದದ ಮೇಲೆ ಹರಡಿ ಅಯಸ್ಕಾಂತ ಆಡಿಸಿದಳು. ಅದರ ತುದಿಗೆ ಕಪ್ಪು ಧೂಳು ಮೆತ್ತಿಕೊಂಡಿತು. ಆಮೇಲೆ ಅದೇ ಬೇಲಿಯಿಂದ ಹೊಸ ಸೊಪ್ಪು ತರಿಸಿ, ತೊಳೆದು, ಒಣಗಿಸಿ, ಪಿಂಗಾಣಿಯ ಕುಟ್ಟಾಣಿಯಲ್ಲಿ ಕೈ ಬೊಬ್ಬೆ ಬರುವ ಹಾಗೆ ಅರೆದು ಸುಟ್ಟು ನೋಡಿದಳು. ಸಿಕ್ಕಿದ್ದು ಹದಿನೇಳು. ಬಾಕಿ ನಲವತ್ತನಾಲ್ಕು ಮಿಲಿಗ್ರಾಂ ಯಂತ್ರದ್ದು.

ಅಂಕಿ ತೆಗೆದುಕೊಂಡು ಅವಳು ನಿರ್ದೇಶಕರ ಕೋಣೆಗೆ ಹೋದಳು. ಅಲ್ಲಿ ನಡೆದದ್ದನ್ನು ಸಂಜೆ ನಮ್ಮ ಮುಂದೆ ಅವರ ದನಿಯಲ್ಲೇ ಆಡಿ ತೋರಿಸಿದಳು. ನಿರ್ದೇಶಕರು ಆಗಲೇ ಮರುಪರೀಕ್ಷೆಯ ಹಾಳೆ ಸಿದ್ಧ ಮಾಡಿಸಿ ಇಟ್ಟಿದ್ದರಂತೆ. ಅದರಲ್ಲಿ ಅರವತ್ತೊಂದು ಎಂದೇ ಟೈಪಾಗಿತ್ತು. ಪರೀಕ್ಷೆ ಮಾಡಿದವರ ರುಜು ಬಿದ್ದರೆ ಮುಗಿಯಿತು, ಗುರುವಾರದ ಸಭೆಯಲ್ಲಿ ಎಲ್ಲ ಶಾಲೆಗಳಿಗೂ ಪುಡಿ ಮಂಜೂರಾಗುತ್ತದೆ.

"ನೋಡಿ ಅಮ್ಮ, ಅರೆದೋರು ನೀವು, ಸುಟ್ಟೋರು ನೀವು, ಆಗ ರುಜು ಹಾಕಿದ್ದೂ ನೀವು. ಈಗ ತಪ್ಪು ಅಂದ್ರೆ ಅದು ಯಾರ ತಲೆಗೆ ಬರುತ್ತೆ?"

"ನನ್ನ ತಲೆಗೆ ಸಾರ್."

"ಬಡ್ತಿ ಪಟ್ಟಿ ನನ್ನ ಮೇಜಿನ ಮೇಲಿದೆ. ನಿಮ್ಮ ಹೆಸರು ಮೊದಲನೇದು. ಗೊತ್ತಲ್ಲ?"

"ಗೊತ್ತು ಸಾರ್."

"ಮತ್ತೆ? ಯಂತ್ರದಿಂದ ಇಷ್ಟೊಂದು ಬರೋಕೆ ಸಾಧ್ಯನೇ ಇಲ್ಲ. ಹೊಸ ಸೊಪ್ಪೇ ಸತ್ವ ಇಲ್ಲದ್ದು. ಹಾಕಿ ರುಜು."

ಅಕ್ಕ ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡಳಂತೆ. "ಸತ್ವ ಇಲ್ಲದ್ದನ್ನೇ ಅರೆದು ತೋರಿಸ್ತೀನಿ ಸಾರ್" ಎಂದು ಹೇಳಿ ಬಂದಳಂತೆ.

"ಇಷ್ಟು ವರ್ಷ ಕಾದಿದ್ದೀಯ, ಬಡ್ತಿ ಬಂದ್ರೆ ನಿನ್ನ ಪಿಂಚಣಿನೂ ಏರ್ತಿತ್ತು ಕಣೇ" ಎಂದು ಭಾವ ಗೊಣಗಿದರು. ಕೋಪದಿಂದಲ್ಲ, ಆಸೆಯಿಂದ. ಬೆಂಕಿ ಹಚ್ಚಿದವಳು ನಾನು, ಸುಟ್ಟುಕೊಳ್ಳುವವಳು ಅವಳು.

"ಬಿಟ್ಟುಬಿಡು ಅಕ್ಕ" ಎಂದೂ ಅಂದೆ, ನಾಚಿಕೆಯಿಲ್ಲದೆ.

"ಬಿಡ್ತೀನಿ. ಸೋಮವಾರ ನಿನ್ನ ಕ್ಲಾಸಿಗೆ ಹೋಗಿ ನೀನೇ ಪುಡಿ ತಿನ್ನಿಸು, ನಾನು ಬಿಡ್ತೀನಿ" ಎಂದಳು.

ಗುರುವಾರದ ಸಭೆಗೆ ಹನ್ನೆರಡು ಶಾಲೆಗಳಿಂದ ಒಬ್ಬೊಬ್ಬ ಟೀಚರನ್ನು ಕರೆದಿದ್ದರು. ಹಾಗಾಗಿ ನಾನೂ ಹಿಂದಿನ ಸಾಲಿನಲ್ಲಿದ್ದೆ. ಉದ್ದನೆಯ ಮೇಜು, ಗಾಜಿನ ಲೋಟಗಳ ಮೇಲೆ ಕಾಗದದ ಮುಚ್ಚಳ, ಗೋಡೆಯ ಮೇಲೆ ಸೊಪ್ಪಿನ ಹಸಿರು ಚಿತ್ರ. ಮೇಜಿನ ತುದಿಯಲ್ಲಿ ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿ. ವಯಸ್ಸಾದ ಹೆಂಗಸು, ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು ಎಲ್ಲರನ್ನೂ ಅದರ ಮೇಲಿನಿಂದ ನೋಡುತ್ತಿದ್ದರು. ನಿರ್ದೇಶಕರು ಅರವತ್ತೊಂದು ಎಂಬ ಅಂಕಿಯನ್ನು ಬಾಯಿ ತುಂಬ ಹೇಳುತ್ತಿದ್ದಾಗ ಬಾಗಿಲು ತೆರೆಯಿತು. ಕರೆಯದೆ ಬಂದಿದ್ದಳು ನಮ್ಮಕ್ಕ. ಬಿಳಿ ಕೋಟು, ಕೈಯಲ್ಲಿ ಗಾಜಿನ ಕೊಳವೆಗಳ ಸ್ಟ್ಯಾಂಡು.

"ನೀವು ಆಮೇಲೆ ಬನ್ನಿ ಅಮ್ಮ" ಎಂದರು ನಿರ್ದೇಶಕರು.

"ಆಮೇಲೆ ಬಂದ್ರೆ ಬಣ್ಣ ಮಾಸುತ್ತೆ ಸಾರ್" ಎಂದು ಅಕ್ಕ ಸೀದಾ ಮೇಜಿನ ತುದಿಗೆ ನಡೆದಳು. ಅವಳ ಚಪ್ಪಲಿ ಆ ನೆಲದ ಮೇಲೆ ಕೀಚಲು ಸದ್ದು ಮಾಡುತ್ತಿತ್ತು.

ಅವಳು ಅಧಿಕಾರಿಯ ಮುಂದೆ ಎರಡು ಕೊಳವೆ ಇಟ್ಟಳು. ಒಂದರಲ್ಲಿ ತಿಳಿ ಕಿತ್ತಳೆ ನೀರು. ಇನ್ನೊಂದರಲ್ಲಿ ಅದಕ್ಕಿಂತ ಎರಡು ಪಟ್ಟು ಕೆಂಪು. "ಮೇಡಂ, ಬೂದೀನ ಆಮ್ಲದಲ್ಲಿ ಕರಗಿಸಿ ಒಂದು ರಾಸಾಯನಿಕ ಬೆರೆಸಿದ್ರೆ, ಕಬ್ಬಿಣ ಜಾಸ್ತಿ ಇದ್ದಷ್ಟೂ ನೀರು ಕೆಂಪಾಗುತ್ತೆ. ಮಕ್ಕಳಿಗೆ ಇವೆರಡರಲ್ಲಿ ಯಾವುದನ್ನ ಕೊಡ್ತೀರಿ?"

ಅಧಿಕಾರಿ ಕನ್ನಡಕ ಏರಿಸಿಕೊಂಡರು. "ಇದನ್ನೇ ಕೊಡಬೇಕಲ್ಲ" ಎಂದು ಕೆಂಪಾದದ್ದನ್ನು ಬೆರಳಲ್ಲಿ ತಟ್ಟಿದರು.

"ಕೊಡಿ. ಮಕ್ಕಳು ಕುಣಿದಾಡ್ಕೊಂಡು ತಿಂತಾರೆ. ಅದು ಸಕ್ಕರೆ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅದು ನಾನೇ ಇರಬೇಕು.

ಅಕ್ಕ ಬಿಡಿಸಿ ಹೇಳಿದಳು. ತಿಳಿಯಾಗಿರುವುದು ಸೊಪ್ಪು, ಪಿಂಗಾಣಿಯಲ್ಲಿ ಅರೆದದ್ದು. ಕೆಂಪಾಗಿರುವುದು ಅಂಗಡಿಯಿಂದ ತಂದ ಬರೀ ಸಕ್ಕರೆ, ಕಬ್ಬಿಣದ ಯಂತ್ರದಲ್ಲಿ ಅರೆದದ್ದು. ಅರೆಯದೆ ಸುಟ್ಟ ಸಕ್ಕರೆಯ ಕೊಳವೆಯನ್ನು ಕೋಟಿನ ಜೇಬಿನಿಂದ ತೆಗೆದು ಪಕ್ಕದಲ್ಲಿಟ್ಟಳು. ಕುಡಿಯುವ ನೀರಿನ ಲೋಟಕ್ಕೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಸಕ್ಕರೆ ಸುಡುವುದು ಸುಲಭವಲ್ಲ. ಉಬ್ಬಿ ಉಕ್ಕಿ ಮೂಸೆಯಿಂದ ಹೊರಗೆ ಬಂದುಬಿಡುತ್ತದೆ. ಸಣ್ಣ ಉರಿಯಲ್ಲಿ ಕಾದು ಕಾದು ಕರಿ ಮಾಡಿಕೊಂಡು ಆಮೇಲೆ ಕುಲುಮೆಗೆ ಇಡಬೇಕು. ಎರಡು ಹಗಲು ಊಟ ಬಿಟ್ಟು ಅದರ ಮುಂದೆಯೇ ನಿಂತಿದ್ದಳು.

"ಇದು ಶಿಸ್ತಿನ ಉಲ್ಲಂಘನೆ" ಎಂದು ನಿರ್ದೇಶಕರು ಎದ್ದು ನಿಂತರು. "ಮೇಡಂ, ಆಗ ಸೊಪ್ಪನ್ನ ಆ ಯಂತ್ರಕ್ಕೆ ಹಾಕಿದ್ದು ಯಾರು ಅಂತ ಇವರನ್ನೇ ಕೇಳಿ."

"ಯಾರು?" ಎಂದರು ಅಧಿಕಾರಿ.

"ನಾನೇ" ಎಂದಳು ಅಕ್ಕ. ದನಿ ತಗ್ಗಿಸಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. "ನನ್ನ ಕೈಯಿಂದಲೇ ಆದ ತಪ್ಪು. ನನಗೆ ತಿಳೀಬೇಕಿತ್ತು, ತಿಳೀಲಿಲ್ಲ. ಶಿಕ್ಷೆ ನನಗೆ ಕೊಡಿ, ಮಕ್ಕಳಿಗೆ ಬೇಡ. ಇದು ಒಳ್ಳೆ ಸೊಪ್ಪು, ತಿನ್ನೋರು ತಿನ್ನಲಿ. ಆದರೆ ಎರಡು ಚಮಚದಲ್ಲಿ ಎರಡು ಮಿಲಿಗ್ರಾಂ ಕಬ್ಬಿಣಾನೂ ಇಲ್ಲ. ಇದನ್ನ ತೋರಿಸಿ ಮಾತ್ರೆ ನಿಲ್ಲಿಸೋದಾದ್ರೆ ಆ ಹಾಳೆಗೆ ನಾನು ಸತ್ರೂ ರುಜು ಹಾಕಲ್ಲ."

ಅಧಿಕಾರಿ ಮೂರೂ ಕೊಳವೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹಿಂದಿನ ಸಾಲಿನ ಟೀಚರುಗಳತ್ತ ತಿರುಗಿ, "ನಿಮ್ಮಲ್ಲಿ ಯಾರಾದರೂ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಿದರು. ನಾನು ಎದ್ದು ನಿಂತು ಕೊನೆ ಬೆಂಚಿನ ಹುಡುಗಿಯ ಆಸ್ಪತ್ರೆ ಚೀಟಿ ಓದಿದೆ. ಅಂದಿನ ಮಂಜೂರಾತಿ ಅಲ್ಲಿಗೇ ನಿಂತಿತು.

ಎರಡು ವಾರಕ್ಕೆ ಮಾತ್ರೆಗಳು ಶಾಲೆಗೆ ವಾಪಸು ಬಂದವು. ಕೊನೆ ಬೆಂಚಿನ ಹುಡುಗಿ ಎಲ್ಲರಿಗಿಂತ ಕೆಟ್ಟದಾಗಿ ಮುಖ ಸಿಂಡರಿಸಿ ನುಂಗಿದಳು. ಅವಳನ್ನು ಗದರಲು ನನಗೆ ಅವತ್ತು ಮನಸ್ಸು ಬರಲಿಲ್ಲ. ಪುಸ್ತಕದಲ್ಲಿ ಆ ಸೊಪ್ಪಿನ ಮುಂದೆ ಹದಿನೇಳು ಎಂದು ಅಚ್ಚಾಗುವುದೆಂದೂ ತಿಳಿಯಿತು. ಬಡ್ತಿ ಮಾತ್ರ ಪಟ್ಟಿಯಲ್ಲಿ ಎರಡನೆಯವರಾಗಿದ್ದವರಿಗೆ ಹೋಯಿತು.

ಅದೇ ವಾರ ಅಕ್ಕನಿಗೆ ಆಪಾದನಾ ಪತ್ರ ಬಂತು. ಸಂಜೆ ಅವಳು ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಳು. ನಾನೂ ಭಾವನೂ ಎರಡು ಕಡೆಯಿಂದ ಬಗ್ಗಿ ಓದಿದೆವು. ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿ, ಸದರಿ ಸ್ಯಾಂಪಲನ್ನು ತಪ್ಪು ಯಂತ್ರದಲ್ಲಿ ಒಂದು ಬಾರಿ ಅರೆದಿರುತ್ತೀರಿ, ಒಪ್ಪಿದಲ್ಲಿ ಕೆಳಗೆ ರುಜು ಮಾಡುವುದು ಎಂದಿತ್ತು.

"ಮಿಕ್ಸಿ ಕೆಟ್ಟಿತ್ತು, ಅವರೇ ಆ ಯಂತ್ರ ಕೊಟ್ರು ಅಂತ ಬರಿಯೇ" ಎಂದರು ಭಾವ. "ತಪ್ಪನ್ನೆಲ್ಲ ನೀನೊಬ್ಬಳೇ ಯಾಕೆ ಹೊತ್ಕೋತೀಯ?"

ಅಕ್ಕ ಪೆನ್ನಿನ ಮುಚ್ಚಳ ತೆಗೆದು 'ಒಂದು ಬಾರಿ' ಎಂಬುದನ್ನು ಹೊಡೆದುಹಾಕಿದಳು. ಮೇಲೆ 'ಮೂರು ಬಾರಿ' ಎಂದು ದುಂಡಗೆ ಬರೆದಳು.

"ಅಯ್ಯೋ, ನಿನ್ನ ಮೇಲಿನ ಆಪಾದನೆಯನ್ನ ನೀನೇ ಜಾಸ್ತಿ ಮಾಡ್ತಿದ್ದೀಯಲ್ಲೇ!"

"ಅದನ್ನ ಮೂರು ಪಾಲು ಮಾಡಿ ಮೂರು ಸಲ ಅರೆದಿದ್ದೆ ರೀ. ಒಂದು ಅನ್ನೋದು ಸುಳ್ಳು ಅಂಕಿ" ಎಂದಳು ಅಕ್ಕ. "ಸುಳ್ಳು ಅಂಕಿಗೆ ನಾನು ರುಜು ಹಾಕಲ್ಲ."

ತಿದ್ದಿದ ಅಂಕಿಯನ್ನು ಇನ್ನೊಮ್ಮೆ ಓದಿಕೊಂಡಳು. ಆಮೇಲೆ ಕೆಳಗೆ, ಕೊಟ್ಟಿದ್ದ ಜಾಗ ಸಾಲದೆ ಅಂಚಿನವರೆಗೂ ಹೋಗುವ ಹಾಗೆ, ಪೂರ್ತಿ ಹೆಸರು ಬರೆದು ರುಜು ಹಾಕಿದಳು.