ಗಾದಿಯ ಮೇಲಿನ ಫೋಟೋ ಯಾರದು?

ನಮ್ಮಣ್ಣನಿಗೆ ಅಚ್ಚಾದ ಮಾತು ಮಾತ್ರ ನಿಜ. ಪತ್ರಿಕೆಯಲ್ಲಿ ಬಂದರೆ ನಿಜ, ಪಂಚಾಂಗದಲ್ಲಿದ್ದರೆ ನಿಜ, ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಮುಂದೆ ಯಾವ ಡಿಗ್ರಿ ಅಚ್ಚಾಗಿದ್ದರೂ ಅದೂ ನಿಜ. ಮನೆಯ ಹೆಂಗಸರು ಬಾಯಿಂದ ಹೇಳಿದ್ದು ಮಾತ್ರ ಕಥೆ. ಈ ಸ್ವಭಾವದ ಮೇಲೆ ನನಗೆ ಎಷ್ಟು ಸಿಟ್ಟಿದೆಯೆಂದರೆ, ಕೊನೆಗೆ ಅದೇ ಸಿಟ್ಟು ನನ್ನನ್ನು ಊರೂರ ಗ್ರಂಥಾಲಯ ತಿರುಗಿಸಿತು.

ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮದು ಮೆಣಸಿನಕಾಯಿಯ ಅಡತಿ ಅಂಗಡಿ. ರೈತರು ತಂದ ಮಾಲು ಇಳಿಸಿಕೊಂಡು ಖರೀದಿದಾರರಿಗೆ ಮಾರಿಸಿಕೊಡುವ ವ್ಯಾಪಾರ. ಹೋದ ವರ್ಷ ಅಣ್ಣ ಹಳೆಯ ಕಟ್ಟಡದ ಪಕ್ಕದಲ್ಲೇ ಹೊಸ ಅಂಗಡಿ ಕಟ್ಟಿಸಿದ. ದೀಪಾವಳಿ ಪಾಡ್ಯಕ್ಕೆ ಪೂಜೆ. ಬಾಗಿಲ ಮೇಲೆ ದೊಡ್ಡ ಬೋರ್ಡು, ಅದರ ಮೇಲೆ ಸಂಸ್ಥಾಪಕರೆಂದು ಮುತ್ತಜ್ಜನ ಚಿತ್ರ. ಚಿತ್ರಕ್ಕೆ ಮಾದರಿ ಹುಡುಕುವ ಕೆಲಸವೇ ಇರಲಿಲ್ಲ. ಹಳೆಯ ಅಂಗಡಿಯಲ್ಲಿ ಮಾಲೀಕರು ಕೂರುವ ಗಾದಿಯ ಮೇಲೆ ಗೋಡೆಗೆ ಅವರ ಫೋಟೋ ಇತ್ತು: ಜರಿ ರುಮಾಲು, ದಪ್ಪ ಮೀಸೆ, ಕೈಯಲ್ಲಿ ಬೆಳ್ಳಿ ಹಿಡಿಕೆಯ ಕೋಲು. ನಾವು ಹುಟ್ಟಿದಾಗಿನಿಂದ ಪ್ರತಿ ಅಮಾವಾಸ್ಯೆಗೂ ಅದಕ್ಕೆ ಹಾರ ಬೀಳುತ್ತಿತ್ತು. ಪರೀಕ್ಷೆಗೆ ಹೋಗುವ ಮುಂಚೆ ನಾನೂ ಅದಕ್ಕೆ ಭಕ್ತಿಯಿಂದ ಕೈ ಮುಗಿದವಳೇ.

ಬೋರ್ಡಿನ ಸುದ್ದಿ ಇಚಲಕರಂಜಿಯಲ್ಲಿರುವ ಅತ್ತೆಗೆ ಮುಟ್ಟಿತು. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಎಂಬತ್ತೆಂಟು ವರ್ಷ, ಹಲ್ಲಿಲ್ಲ, ದನಿ ಮಾತ್ರ ಖಡಕ್. ಅವರು ಫೋನ್ ಮಾಡಿದಾಗ ನಾನು ಅಣ್ಣನ ಪಕ್ಕದಲ್ಲೇ ಕೂತಿದ್ದೆ. ಸ್ಪೀಕರ್ ಹಾಕುವ ಅಗತ್ಯವೇ ಬೀಳಲಿಲ್ಲ.

"ಅಂಗಡಿ ಹಾಕಿದ್ದು ಗಂಡಸಲ್ಲೋ. ನಮ್ಮಜ್ಜಿ ಹಾಕ್ಯಾಳ. ಬೋರ್ಡ್ ಮ್ಯಾಲ ಆಕಿ ಹೆಸರ ಬರಸು."

"ಅತ್ತಿ, ಯಾವುದಾರ ಪುಸ್ತಕದಾಗ ಅಚ್ಚಾಗಿದ್ರ ತೋರಸ್ರಿ. ನಾಳೆನ ಬರಸ್ತೇನಿ," ಎಂದು ಅಣ್ಣ ನಕ್ಕ.

ನಮ್ಮ ಮನೆಯಲ್ಲಿ ನಂಬಲಾಗದ ಮಾತಿಗೆಲ್ಲ 'ಅತ್ತಿ ಕಥಿ' ಎಂದೇ ಹೆಸರು. ಆ ಅಜ್ಜಿ, ಅಂದರೆ ನನ್ನ ಮುತ್ತಜ್ಜಿ, ತೀರಿಕೊಂಡಾಗ ಅತ್ತೆಗೆ ಹತ್ತು ವರ್ಷ, ನಮ್ಮಪ್ಪ ತೊಟ್ಟಿಲಲ್ಲಿದ್ದ ಕೂಸು. ಹಾಗಾಗಿ ಕಂಡವರೆಂದು ಉಳಿದದ್ದು ಅತ್ತೆ ಒಬ್ಬರೇ, ಅವರ ಮಾತಿಗೆ ಬೆಲೆ ಇಲ್ಲ. ಆ ಸಂಜೆ ಅಣ್ಣನ ನಗು ಕೇಳಿ ನನಗೆ ಮೈ ಉರಿಯಿತು. ಅಚ್ಚಾದದ್ದನ್ನೇ ತಂದು ಇವನ ಮುಖಕ್ಕೆ ಹಿಡಿಯುತ್ತೇನೆ ಎಂದು ಅಲ್ಲೇ ನಿರ್ಧರಿಸಿದೆ. ಕೊಲ್ಹಾಪುರದ ಶಾಲೆಯೊಂದರಲ್ಲಿ ನಾನು ಕಲಿಸುವುದು ಗಣಿತ. ಇತಿಹಾಸವೆಂದರೆ ಅಲ್ಲಿಯವರೆಗೆ ನನಗೆ ಆಕಳಿಕೆ ಬರುತ್ತಿತ್ತು.

ಮೊದಲು ಇಚಲಕರಂಜಿಗೆ ಹೋದೆ. ಅತ್ತೆಯ ಮಗನ ಮನೆಯ ಕೆಳಗೇ ಮಗ್ಗಗಳ ಶೆಡ್ಡು. ಆ ಖಟಖಟ ಸದ್ದಿನಲ್ಲಿ ಅತ್ತೆ ಕೂಗಿ ಕೂಗಿ ಹೇಳಿದರು, ನಾನು ವಹಿಯಲ್ಲಿ ಬರೆದುಕೊಂಡೆ. ಮುತ್ತಜ್ಜಿ ಗಂಡನ ಜೊತೆ ಬೆಳಗಾವಿ ಕಡೆಯಿಂದ ಎತ್ತಿನ ಮೇಲೆ ಮೆಣಸಿನಕಾಯಿ ಹೇರಿಕೊಂಡು ಬಂದವಳು. ಬಂದ ವರ್ಷವೇ ಗಂಡ ಸತ್ತ. ಊರಿಗೆ ತಿರುಗಿ ಹೋಗದೆ, ಪೇಟೆಯ ಬಾವಿಯ ಎದುರು ಒಬ್ಬಳೇ ಅಂಗಡಿ ಹಾಕಿದಳು.

ಒಂದು ತೊಡಕಿತ್ತು. ಆಗೆಲ್ಲ ದರ ಕೂಗುತ್ತಿರಲಿಲ್ಲ. ಅಡತಿಯವನೂ ಖರೀದಿದಾರನೂ ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ದರ ತಿಳಿಸುತ್ತಿದ್ದರು. ಪಕ್ಕದವನಿಗೂ ಗೊತ್ತಾಗಬಾರದು. ಗಂಡ ಸತ್ತ ಹೆಂಗಸು ಪರ ಗಂಡಸಿನ ಕೈಯಲ್ಲಿ ಕೈ ಹೇಗೆ ಇಟ್ಟಾಳು?

"ಮತ್ತ ಏನ ಮಾಡಿದ್ಲು ಅತ್ತಿ?"

"ತಂಬಿಗಿ ಇಟ್ಲು ನೋಡು! ಬಾಯಿಗೆ ಅರಿವಿ ಕಟ್ಟಿ ಸಣ್ಣ ಕಿಂಡಿ ಬಿಟ್ಲು. ಬಂದಾಂವ ತನ್ನ ದರದಷ್ಟ ಹುಣಸಿಬೀಜ ಒಳಗ ಹಾಕಬೇಕು. ಆಕಿ ಅರಿವಿ ಸರಿಸಿ ಒಳಗ ಕೈ ಹಾಕಿ ಎಣಿಸಿ, ತಗದು, ಮುಂದಿನಾಂವನ ಕರೀತಿದ್ಲು. ಬೀಜ ನಾನ ಆರಸಿ ಕೊಡ್ತಿದ್ದೆ."

ನನಗೆ ಕೂತಲ್ಲೇ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಎಂಥ ತಲೆ! ಆದರೆ ಅತ್ತೆ ನಗಲಿಲ್ಲ.

"ಇದನ್ನ ಹೇಳಿದ್ದಕ್ಕ ನಿಮ್ಮಪ್ಪ ಸಿಟ್ಟಾಗಿ ಎರಡ ವರ್ಷ ಪಂಚಮಿಗೆ ನನ್ನ ಕರ್ಯಾಕ ಬರಲಿಲ್ಲವ್ವಾ. ಅಜ್ಜನ ಮಾನ ತಗೀತೀ ಅಂದ. ಸಾಯೂದ್ರಾಗ ಒಮ್ಮೆರ ನನ್ನ ಮಾತು ಖರೆ ಅನ್ನಸು."

ನಾಗರಪಂಚಮಿಗೆ ತವರಿನಿಂದ ಕರೆ ಬರದೆ ಕೂತ ಹೆಣ್ಣಿನ ಸಂಕಟ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೀರಿಹೋದ ನನ್ನ ಅಪ್ಪನ ಮೇಲೆ ನನಗೆ ಮೊದಲ ಸಲ ನಾಚಿಕೆಯಾಯಿತು.

ಆಮೇಲಿನ ಎರಡು ತಿಂಗಳು ನನಗೆ ಹುಚ್ಚೇ ಹಿಡಿದಿತ್ತು. ರವಿವಾರ ಬಂದರೆ ಸಾಕು, ಡಬ್ಬಿ ಕಟ್ಟಿಕೊಂಡು ಎಸ್.ಟಿ. ಬಸ್ಸು ಹತ್ತುವುದು. ಗಡಹಿಂಗ್ಲಜ, ಮುರಗೂಡ, ಶಿರೋಳ, ಎಲ್ಲಿ ಯಾರು ಊರಿನ ಇತಿಹಾಸ ಬರೆದಿದ್ದಾರೆಂದು ಕೇಳಿದರೂ ಅಲ್ಲಿಗೆ ಹಾಜರ್. ಹೆಚ್ಚಿನವು ನಿವೃತ್ತ ಮಾಸ್ತರರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಮರಾಠಿ ಪುಸ್ತಕಗಳು. ಈ ಪುಸ್ತಕಗಳದು ಒಂದೇ ಚಾಳಿ. ಮುಕ್ಕಾಲು ಪಾಲು ರಾಜರು, ಕೋಟೆ, ಕುಸ್ತಿ. ವ್ಯಾಪಾರಿಗಳು ಕಾಣಿಸಿಕೊಳ್ಳುವುದು ಕಟ್ಟಕಡೆಗೆ, ದೇಣಿಗೆ ಕೊಟ್ಟವರ ಪಟ್ಟಿಯಲ್ಲಿ. ಒಬ್ಬರು ಗುಡಿಗೆ ಗಂಟೆ ಕೊಟ್ಟರು, ಒಬ್ಬರು ಶಾಲೆಗೆ ಗಡಿಯಾರ ಕೊಟ್ಟರು, ಅಷ್ಟೇ. ಉಪ್ಪು, ಬೆಲ್ಲ, ಮೆಣಸಿನಕಾಯಿ ಯಾರು ತಂದರೆಂದು ಯಾರಿಗೂ ಬೇಕಿಲ್ಲ. ಕಾರವಿಲ್ಲದೆ ರಾಜ ಊಟ ಮಾಡಿದನೇ ಎಂದು ಕೇಳಬೇಕೆನಿಸುತ್ತಿತ್ತು. ನಾನು ಪುಸ್ತಕವನ್ನು ಹಿಂದಿನಿಂದ ಓದುವುದು ಕಲಿತೆ. ಗಂಟೆ ಕೊಟ್ಟವರ ಹೆಸರು ಹಿಡಿದು ಅವರ ಪೇಟೆ, ಪೇಟೆ ಹಿಡಿದು ಅದರ ಬಗ್ಗೆ ಬರೆದವರು, ಹೀಗೆ ದಾರಿ ಸಿಗುತ್ತಿತ್ತು. ಗಣಿತದಲ್ಲಿ ಉತ್ತರದಿಂದ ಲೆಕ್ಕಕ್ಕೆ ಬಂದ ಹಾಗೆಯೇ.

ದೀಪಾವಳಿಗೆ ಹತ್ತು ದಿನವಿದ್ದಾಗ, ಹಾಗೆ ಸಿಕ್ಕ ಒಂದು ಪುಸ್ತಕ ಹುಡುಕಿಕೊಂಡು ಕೊಲ್ಹಾಪುರದ ಹಳೆಯ ಗ್ರಂಥಾಲಯಕ್ಕೆ ಹೋದೆ. ಗಡಹಿಂಗ್ಲಜದ ಪೇಟೆಯ ಮೇಲೆಯೇ ಬರೆದದ್ದು. ಅಷ್ಟು ದಿನ ನನ್ನ ಮನೆಯಿಂದ ರಿಕ್ಷಾದ ದಾರಿಯಲ್ಲಿ ಅದು ಧೂಳು ತಿನ್ನುತ್ತ ಕೂತಿತ್ತು! ಕಪಾಟಿನ ಹತ್ತಿರ ಕೂತ ಗ್ರಂಥಪಾಲಕಿ "ತಾಯಿ, ಹೇ ಬಾಹೇರ ನಾಹೀ ದೇತ" ಎಂದು, ಪುಸ್ತಕ ಹೊರಗೆ ಕೊಡುವುದಿಲ್ಲವೆಂದು ಮೊದಲೇ ಎಚ್ಚರಿಸಿ, ಅಲ್ಲೇ ಓದಲು ಕೊಟ್ಟರು.

ಹಿಂದಿನಿಂದ ತೆರೆದೆ. ದೇಣಿಗೆ ಪಟ್ಟಿ ದಾಟಿ ಫೋಟೋಗಳ ಪುಟಕ್ಕೆ ಬಂದರೆ, ಜರಿ ರುಮಾಲು, ದಪ್ಪ ಮೀಸೆ, ಬೆಳ್ಳಿ ಹಿಡಿಕೆಯ ಕೋಲು. ನಮ್ಮ ಮುತ್ತಜ್ಜ! ಅಣ್ಣನೇ ಗೆದ್ದ ಎಂದುಕೊಳ್ಳುತ್ತ ಕೆಳಗಿನ ಸಾಲು ಓದಿದೆ. ಇನ್ನೊಮ್ಮೆ ಓದಿದೆ. ಅಲ್ಲಿದ್ದದ್ದು ಬೇರೆ ಮನೆತನ, ಬೇರೆ ಊರು. ಆತ ಪೇಟೆಯ ವ್ಯಾಪಾರಿಗಳ ಅಧ್ಯಕ್ಷ. ಆತ ತೀರಿಕೊಂಡಾಗ ಗೌರವಕ್ಕೆಂದು ಪ್ರತಿ ಅಂಗಡಿಗೂ ಒಂದೊಂದು ಫೋಟೋ ಕೊಟ್ಟಿದ್ದರಂತೆ. ಮೂರು ತಲೆಮಾರಿನಿಂದ ನಾವು ಹಾರ ಹಾಕುತ್ತಿದ್ದದ್ದು ಯಾರದೋ ಮನೆಯ ಅಜ್ಜನಿಗೆ!

ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಹಾಗೆ ನಗುತ್ತಲೇ ಪುಟ ತಿರುವಿದೆ. ಮುಂದಿನ ಪುಟದಲ್ಲಿ ದರ ಮಾಡುವ ಪದ್ಧತಿಯ ವಿವರ. ಟವೆಲ್ಲು, ಬೆರಳು, ಎಲ್ಲ ಇತ್ತು. ಅದರ ಕೆಳಗೆ ನಾಲ್ಕು ಸಾಲು: ಬಾವಿಯ ಎದುರಿನ ಅಂಗಡಿಯಲ್ಲಿ ಒಬ್ಬ ವಿಧವೆ ಮಾತ್ರ ಕೈ ಕೊಡದೆ, ತಂಬಿಗೆಯಲ್ಲಿ ಹುಣಸೆಬೀಜ ಹಾಕಿಸಿ ದರ ಮಾಡುತ್ತಿದ್ದಳು, ಪೇಟೆಯವರು ಅವಳನ್ನು ಕಾನಡೀ ಬಾಯಿ, ಅಂದರೆ ಕನ್ನಡದ ಹೆಂಗಸು, ಎಂದು ಕರೆಯುತ್ತಿದ್ದರು, ಅವಳ ಮಾತಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಕಿರುಚಿಯೇಬಿಟ್ಟೆ. ಪೇಪರ್ ಓದುತ್ತಿದ್ದ ಮುದುಕರೆಲ್ಲ ತಲೆಯೆತ್ತಿದರು. ಗ್ರಂಥಪಾಲಕಿ "ಕಾಯ್ ಝಾಲಂ?" ಎಂದು, ಏನಾಯಿತೋ ಎಂದು ಓಡಿಬಂದರು. "ಮಾಝೀ ಪಣಜೀ!" ಎಂದು ಪುಟ ತೋರಿಸಿದೆ. ನನ್ನ ಮುತ್ತಜ್ಜಿ ಎಂದು ಕೇಳಿದ್ದೇ ಅವರು ನಿಯಮ ಗಿಯಮ ಬದಿಗಿಟ್ಟು, ನನ್ನ ಮೊಬೈಲಿನಲ್ಲಿ ತಾವೇ ಆ ಎರಡೂ ಪುಟಗಳ ಫೋಟೋ ತೆಗೆದುಕೊಟ್ಟರು. ಆ ಪುಣ್ಯಾತ್ಗಿತ್ತಿಯನ್ನು ಅಪ್ಪಿಕೊಂಡೆ.

ಮರುದಿನ ಇಚಲಕರಂಜಿಗೆ ಹೋಗಿ ಅತ್ತೆಯನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಗಡಹಿಂಗ್ಲಜಕ್ಕೆ ಹೋದೆ. ಹಳೆಯ ಅಂಗಡಿಯಲ್ಲಿ ಅಣ್ಣನ ಎದುರು ಮೊಬೈಲ್ ಹಿಡಿದೆ. ಅವನು ಚಷ್ಮಾ ಏರಿಸಿ ಓದಿದ. ತಲೆಯೆತ್ತಿ ಗೋಡೆಯ ಫೋಟೋ ನೋಡಿದ. ಮತ್ತೆ ಮೊಬೈಲ್ ನೋಡಿದ.

"ಹಂಗಾರ ಇಷ್ಟ ವರ್ಷ ನಾ ಯಾರಿಗೆ ಹಾರ ಹಾಕೀನಿ?"

"ಪ್ಯಾಟಿ ಅಧ್ಯಕ್ಷಗ," ಎಂದರು ಅತ್ತೆ. "ಪಾಪ, ಚಲೋ ಮನಷ್ಯಾ ಇದ್ದ. ಆಜೂಬಾಜೂದವ್ರು ಎಂದೋ ಇಳಿಸಿದ್ರು. ನೀವಷ್ಟ ಪೂಜಾ ಮಾಡ್ಕೋತ ಕುಂತ್ರಿ. ನಾ ಹೇಳಿದ್ರ ಅದೂ 'ಅತ್ತಿ ಕಥಿ' ಅಂತಿದ್ರಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಣ್ಣನಿಗೂ ನಗು ಬಂತು. ಆಮೇಲೆ ಅವನು ಒಂದು ಕೆಲಸ ಮಾಡಿದ. ಎದ್ದು ಬಂದು ಅತ್ತೆಯ ಕಾಲು ಮುಟ್ಟಿದ. "ತಪ್ಪಾತ್ರಿ ಅತ್ತಿ. ನಮ್ಮಪ್ಪಂದೂ ತಪ್ಪ, ನಂದೂ ತಪ್ಪ. ನೀವು ಹೇಳಿದ್ದ ಖರೆ." ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಣ್ಣ ಆಗಲೇ ಪೇಂಟರಿಗೆ ಫೋನ್ ಹಚ್ಚಿದ್ದ. ಗಂಡಸಿನ ಚಿತ್ರ ಬೇಡ, ದೊಡ್ಡ ಅಕ್ಷರದಲ್ಲಿ ಹೆಸರು ಬರೆ ಎಂದು ಹೇಳುತ್ತ, ಫೋನಿಗೆ ಕೈ ಅಡ್ಡ ಹಿಡಿದು ಕೇಳಿದ:

"ಅತ್ತಿ, ಆಕಿ ಹೆಸರ ಏನ್ರಿ?"

ಪುಸ್ತಕದಲ್ಲಿ ಕಾನಡೀ ಬಾಯಿ. ಮನೆಯಲ್ಲಿ ಎಲ್ಲರಿಗೂ ಅಜ್ಜಿ, ಅವ್ವ.

"ಹೆಸರ ಹಿಡದ ಯಾರೂ ಕರೀತಿರಲಿಲ್ಲಪಾ," ಎಂದರು ಅತ್ತೆ. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ದಿನಾ ಬೀಜ ಆರಿಸಿಕೊಟ್ಟೆ. ಒಂದಿನಾನೂ ನಾನೂ ಕೇಳಲಿಲ್ಲ ನೋಡು."

ಅಣ್ಣ ಫೋನ್ ಇಟ್ಟ. "ಹೆಸರ ಸಿಗೂತನಕಾ ಬೋರ್ಡ್ ಬ್ಯಾಡ. ಖಾಲಿ ಇರ್ಲಿ," ಎಂದ.

ಪಾಡ್ಯದ ದಿನ ಹೊಸ ಅಂಗಡಿ ಬೋರ್ಡಿಲ್ಲದೆಯೇ ಶುರುವಾಯಿತು. ಬಂದವರೆಲ್ಲ ಬೋರ್ಡ್ ಎಲ್ಲಿ ಎಂದು ಕೇಳುವವರೇ. ಅಚ್ಚಾಗದ್ದನ್ನು ನಂಬದ ನಮ್ಮಣ್ಣ ಒಬ್ಬೊಬ್ಬರನ್ನೂ ಕೂರಿಸಿಕೊಂಡು, ಪೇಢೆ ಕೊಟ್ಟು, ಕೈ ತಿರುಗಿಸುತ್ತ ಮುತ್ತಜ್ಜಿಯ ಕಥೆ ಹೇಳಿದ. ಗಾದಿಯ ಮೇಲೆ ಅತ್ತೆಯನ್ನು ಕೂರಿಸಿದ್ದ. ಅಲ್ಲಿಯವರೆಗೆ ನಮ್ಮ ಮನೆಯ ಹೆಣ್ಣುಮಕ್ಕಳು ಅಂಗಡಿಗೆ ಬಂದರೆ ಹೊಸ್ತಿಲಲ್ಲೇ ನಿಂತು ಹೋಗುವವರು. ಊಟದ ಹೊತ್ತಾಯಿತು, ಮನೆಗೆ ನಡೆಯಿರಿ ಎಂದು ಮೂರು ಸಲ ಕರೆದೆ. ಅತ್ತೆ ಇಳಿಯಲಿಲ್ಲ.