ಭರಣಿಯ ಬಸಳೆಗೆ ಗಂಜಿ ತಿಳಿ

ಕಳೆದ ವಾರ ನಾನೊಂದು ಬಸಳೆಯನ್ನು ಪ್ರೀತಿಯಿಂದ ಕೊಂದೆ. ನಗಬೇಡಿ, ಪೂರ್ತಿ ಕೇಳಿ.

ಥರ್ಡ್ ಫಾರಮಿನಲ್ಲಿ (ಎಂಟನೇ ಕ್ಲಾಸಿನಲ್ಲಿ) ಓದುವ ನನ್ನ ಮಗಳು ಸುಮತಿ ಶಾಲೆಯ ಪ್ರದರ್ಶನಕ್ಕೆಂದು ಗಾಜಿನ ಭರಣಿಯಲ್ಲಿ ಬಸಳೆ ಬೆಳೆಸುತ್ತಿದ್ದಳು. ಮಣ್ಣಿಲ್ಲ, ಗೊಬ್ಬರವಿಲ್ಲ. ಸಯನ್ಸ್ ಮಾಷ್ಟ್ರು ಕೊಟ್ಟ ಪುಡಿಗಳನ್ನು ಅಳೆದು ಕಲಸಿದ ನೀರು ಮಾತ್ರ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ದರ್ಬೆ ಪೇಟೆಯಲ್ಲಿ ಬಡಗಿ ಕೆಲಸ. (ನಾನು ಮಾಡಿದ ಬಾಗಿಲು ಮಳೆಗಾಲದಲ್ಲಿ ಉಬ್ಬುವುದಿಲ್ಲ. ಬೇಕಾದರೆ ವಿಚಾರಿಸಿ.) ಬರೀ ನೀರು ಕುಡಿದು ಯಾರಾದರೂ ಬದುಕುತ್ತಾರೆಯೇ? ಬಸಳೆಯ ಬುಡಕ್ಕೆ ಗಂಜಿ ತಿಳಿ ಹೊಯ್ಯದ ಮನೆ ನಮ್ಮೂರಲ್ಲಿ ಉಂಟೇ? ಅವಳು ಶಾಲೆಗೆ ಹೋದ ಮೇಲೆ ದಿನಕ್ಕೊಂದು ಸೌಟು ಹೊಯ್ದೆ.

ನಾಲ್ಕೇ ದಿನ. ನೀರು ಮಜ್ಜಿಗೆಯಂತಾಯಿತು. ಗಾಜಿಗೆ ಲೋಳೆ, ಬೇರಿಗೆ ಲೋಳೆ, ಹುಳಿ ವಾಸನೆ. ಗುಟ್ಟಾಗಿ ತೆಂಗಿನ ನಾರಿನಲ್ಲಿ ಭರಣಿ ತಿಕ್ಕಿದೆ. ಬೇರನ್ನೂ ತಿಕ್ಕಿದೆ. ಲೋಳೆಯ ಜೊತೆ ಅರ್ಧ ಬೇರೂ ಕೈಗೆ ಬಂತು.

ಬಾಡಿದ ಗಿಡವನ್ನು ಮಗಳು ಮರುದಿನ ಶಾಲೆಗೆ ಒಯ್ದಳು. ನಾನು ನನ್ನ ಕೆಲಸಕ್ಕೆ ಹೋದೆ. ಸಂಜೆ ನೋಡಿದರೆ ತಲೆ ತಗ್ಗಿಸಿ ಬರೆಯುತ್ತಿದ್ದಾಳೆ.

“ಎಂತ ಬರೆಯುದು ಮಗಾ?”

“ಇಂಪೊಸಿಷನ್. ‘ನಾನು ಸರಿಯಾಗಿ ಅಳೆಯುತ್ತೇನೆ’, ನೂರು ಸಲ. ಪುಡಿಯ ಅಳತೆ ತಪ್ಪಿ ಬೇರು ಕೊಳೆತದ್ದಂತೆ. ಪ್ರದರ್ಶನಕ್ಕೆ ನಾನು ಬೇಡವಂತೆ ಅಪ್ಪಾ.”

ಎಲ್ಲ ನೋಡಿದ್ದ ಹೆಂಡತಿ ಒಳಗಿನಿಂದ, “ಆ ಗಂಜಿಯ ಕತೆ ಹೇಳಿ ಮಾರಾಯ್ರೆ, ಪಾಪ ಹುಡುಗಿ!” ಎಂದಳು.

ಹೇಳಿದೆ. ಮಗಳು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಬಡಗಿಯಾದ ಇಪ್ಪತ್ತು ವರ್ಷಗಳಲ್ಲಿ ಯಾರ ಮುಂದೆಯೂ ನನ್ನ ಕೆಲಸ ತಪ್ಪೆಂದು ಒಪ್ಪಿದವನಲ್ಲ. ಮರುದಿನ ಬೆಳಗ್ಗೆ ಶಾಲೆಗೆ ಹೋಗಿ ನಿಂತೆ. “ಗಂಜಿ ಹೊಯ್ದದ್ದು ನಾನು ಮಾಷ್ಟ್ರೆ. ಅವಳ ಅಳತೆ ಸರಿ ಉಂಟು.”

ಮಾಷ್ಟ್ರು ಹೊಟ್ಟೆ ಹಿಡಿದು ನಕ್ಕರು. “ಮಣ್ಣಾದರೆ ಗಂಜಿಯನ್ನು ತಿಂದು ಮುಗಿಸ್ತದೆ. ಭರಣಿಯಲ್ಲಿ ಅದು ಕೊಳೆಯುದಲ್ಲದೆ ಎಲ್ಲಿಗೆ ಹೋಗುದು ಮಾರಾಯ್ರೆ? ಭರಣಿ ಚೆನ್ನಾಗಿ ತೊಳೆದು ಬಳ್ಳಿಯ ಹೊಸ ತುಂಡು ಇಡ್ಲಿಕ್ಕೆ ಹೇಳಿ. ಬೆಳಕು ತಾಗಿದರೆ ಪಾಚಿ ಹಿಡೀತದೆ, ಸುತ್ತ ಮುಚ್ಚಿ. ಪ್ರದರ್ಶನಕ್ಕೆ ಇನ್ನೂ ಸಮಯ ಉಂಟು, ಅವಳೇ ತರಲಿ.”

ಮುಚ್ಚುವುದೇ? ಅದು ನನ್ನ ಕೆಲಸ! ಭರಣಿಗೆ ಹಲಸಿನ ಹಲಗೆಯ ಪೆಟ್ಟಿಗೆ ಮಾಡಿದೆ, ಬಳ್ಳಿ ಹೊರಬರಲು ಮೇಲೊಂದು ತೂತು. ಬೇರು ನೋಡಲು ಪುಟ್ಟ ಬಾಗಿಲು, ಅದಕ್ಕೊಂದು ಬೀಗ. (ಬೀಗ ಹೆಂಡತಿಯ ಸಲಹೆ. ಕೀಲಿಕೈ ಮಗಳ ಹತ್ತಿರ.)

ಈಗ ಹೊಸ ಬಿಳಿ ಬೇರು ಬಂದಿದೆ. ಆದರೆ ನಾನು ತಪ್ಪು ಒಪ್ಪುವಷ್ಟರಲ್ಲಿ ಆ ಹುಡುಗಿ ಅರುವತ್ತು ಸಲ ಬರೆದಾಗಿತ್ತು.

ನಮ್ಮೂರಿನಲ್ಲಿ ಇನ್ನೆಷ್ಟು ಮಕ್ಕಳು ಅಪ್ಪಂದಿರ ತಪ್ಪಿಗೆ ಇಂಪೊಸಿಷನ್ ಬರೆಯುತ್ತಿದ್ದಾರೋ?